ಓದುವ ಮಕ್ಕಳ ಮೇಜಿಗೆ ಬಂದ ಗಣಕ

ಹದಿಹರೆಯದ ಮಕ್ಕಳ ಓದಿಗೆಂದು ಮನೆಗೆ ಡೆಸ್ಕ್‌ಟಾಪ್ ಕಂಪ್ಯೂಟರ್ ತರುವ ರೂಢಿ ಕರ್ನಾಟಕದ ನಗರಗಳಲ್ಲಿ ಬೇರೂರಿದ್ದು 1990ರ ದಶಕದ ಉತ್ತರಾರ್ಧದಲ್ಲಾದರೂ, ಓದಿಗೆ ತಕ್ಕ ಯಂತ್ರ ಯಾವುದು ಎಂಬ ಪ್ರಶ್ನೆ ಅದಕ್ಕೂ ಒಂದೂವರೆ ದಶಕ ಮೊದಲೇ ಎದ್ದಿತ್ತು. ಆಗ ಅದನ್ನು ತೀರ್ಮಾನಿಸುತ್ತಿದ್ದವರು ತಂದೆತಾಯಿಗಳಲ್ಲ, ಸರ್ಕಾರಗಳು. ಆಯ್ಕೆ ಸರ್ಕಾರದ ಕೈಯಿಂದ ಅಂಗಡಿಯವರ ಕೈಗೂ ಅಲ್ಲಿಂದ ಮನೆಯವರ ಕೈಗೂ ದಾಟುತ್ತ ಬಂದಂತೆ, ಗಣಕದ ಮುಂದೆ ಕುಳಿತ ವಿದ್ಯಾರ್ಥಿ ಏನು ಕಲಿಯಬೇಕು ಎಂಬ ನಿರೀಕ್ಷೆಯೂ ಬದಲಾಯಿತು. ಯಂತ್ರಕ್ಕೆ ಆಜ್ಞೆ ಬರೆಯುವುದನ್ನೇ ಮುಖ್ಯವೆಂದು ಬಗೆದ ಕಾಲ ಬೇಗ ಮುಗಿದು, ಬೇರೆಯವರು ಬರೆದಿಟ್ಟ ತಂತ್ರಾಂಶವನ್ನು ಬಳಸಲು ಬಂದರೆ ಸಾಕೆಂಬ ಕಾಲ ದೀರ್ಘವಾಗಿ ನಿಂತಿತು. ಈ ಪಲ್ಲಟವೇ ಇಲ್ಲಿನ ಚರಿತ್ರೆಯ ಮುಖ್ಯ ಎಳೆ.

ಬ್ರಿಟನ್ನಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಬಿಬಿಸಿ ಜನಸಾಮಾನ್ಯರಲ್ಲಿ ಗಣಕದ ಅರಿವು ಮೂಡಿಸಲು ಟೆಲಿವಿಷನ್ ಸರಣಿಯೊಂದನ್ನು ಯೋಜಿಸಿ, ಅದಕ್ಕೆ ಜೊತೆಯಾಗಬಲ್ಲ ಯಂತ್ರವನ್ನು ಹುಡುಕಿದಾಗ, ಕೇಂಬ್ರಿಜ್‌ನ ಏಕಾರ್ನ್ ಕಂಪನಿಗೆ ಆ ಕೆಲಸ ದೊರೆಯಿತು. ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ವಿನ್ಯಾಸದಲ್ಲಿ ಮುಖ್ಯ ಪಾತ್ರ ವಹಿಸಿದ ಬಿಬಿಸಿ ಮೈಕ್ರೋ 1981ರ ಡಿಸೆಂಬರಿನಲ್ಲಿ ಹೊರಬಂದಿತು. ಕೀಲಿಮಣೆಯ ಪೆಟ್ಟಿಗೆಯೊಳಗೇ ಇಡೀ ಗಣಕವನ್ನು ಅಡಗಿಸಿಕೊಂಡಿದ್ದ ಈ ಯಂತ್ರದ ‘ಬಿ’ ಮಾದರಿಗೆ ಇದ್ದದ್ದು 32 ಕಿಲೋಬೈಟ್ ಸ್ಮರಣೆ ಮಾತ್ರ. ಆದರೆ ಅದನ್ನು ಚಾಲೂ ಮಾಡಿದ ಕೂಡಲೇ ಪರದೆಯ ಮೇಲೆ ಬೇಸಿಕ್ ಭಾಷೆ, ಅಂದರೆ ಕಲಿಯುವವರಿಗಾಗಿಯೇ ರೂಪುಗೊಂಡ ಸರಳ ಪ್ರೋಗ್ರಾಮಿಂಗ್ ಭಾಷೆ, ಸಿದ್ಧವಾಗಿ ಕಾದಿರುತ್ತಿತ್ತು. ಒಂದು ಸಾಲಿನ ಆಜ್ಞೆಯನ್ನಾದರೂ ಬರೆಯದೆ ಯಂತ್ರದಿಂದ ಏನನ್ನೂ ಪಡೆಯುವಂತಿರಲಿಲ್ಲ. ಮಾಧ್ಯಮಿಕ ಶಾಲೆಗಳು ಬ್ರಿಟನ್ನಿನಲ್ಲೇ ತಯಾರಾದ, ಅನುಮೋದಿತ ಯಂತ್ರವನ್ನು ಕೊಂಡರೆ ಅರ್ಧ ಬೆಲೆಯನ್ನು ಅಲ್ಲಿನ ಸರ್ಕಾರ ಭರಿಸುತ್ತಿದ್ದುದರಿಂದ ಬಿಬಿಸಿ ಮೈಕ್ರೋ ಶಾಲೆಗಳನ್ನು ಬೇಗನೆ ತುಂಬಿತು. ಮನೆಗೆ ಕೊಳ್ಳುವವರಿಗೆ ಮಾತ್ರ ಸುಮಾರು 400 ಪೌಂಡಿನ ಆ ಯಂತ್ರ ದುಬಾರಿಯಾಗಿತ್ತು. 1982ರ ಏಪ್ರಿಲಿನಲ್ಲಿ ಬಂದ ಸಿಂಕ್ಲೇರ್ ಕಂಪನಿಯ ಝಡ್‌ಎಕ್ಸ್ ಸ್ಪೆಕ್ಟ್ರಂ 48 ಕಿಲೋಬೈಟ್ ಸ್ಮರಣೆಯೊಂದಿಗೆ 175 ಪೌಂಡಿಗೆ ಸಿಗುತ್ತಿದ್ದುದರಿಂದ ಬಹಳಷ್ಟು ಕುಟುಂಬಗಳು ಅದನ್ನೇ ಆರಿಸಿಕೊಂಡವು. ಒಂದರ ಪ್ರೋಗ್ರಾಂ ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲವಾದ್ದರಿಂದ, ಶಾಲೆಯಲ್ಲಿ ಕಲಿತದ್ದನ್ನು ಮನೆಯಲ್ಲಿ ಮುಂದುವರಿಸಬೇಕಾದರೆ ಎರಡೂ ಕಡೆ ಒಂದೇ ಬಗೆಯ ಯಂತ್ರವಿರಬೇಕೇ ಎಂಬ ಚಿಂತೆ ಪೋಷಕರನ್ನು ಕಾಡತೊಡಗಿದ್ದೂ ಆಗಲೇ.

ಇದೇ ಬಿಬಿಸಿ ಮೈಕ್ರೋ ಭಾರತದ ಶಾಲೆಗಳಿಗೂ ಬಂದಿತು. 1984–85ರಲ್ಲಿ ಕೇಂದ್ರದ ಶಿಕ್ಷಣ ಸಚಿವಾಲಯವೂ ಎಲೆಕ್ಟ್ರಾನಿಕ್ಸ್ ಇಲಾಖೆಯೂ ಕೂಡಿ ಆರಂಭಿಸಿದ, ಶಾಲೆಗಳಲ್ಲಿ ಗಣಕ ಸಾಕ್ಷರತೆ ಮತ್ತು ಅಧ್ಯಯನವನ್ನು ಉದ್ದೇಶಿಸಿದ್ದ ‘ಕ್ಲಾಸ್’ ಯೋಜನೆಯ ಮೊದಲ ಹಂತದಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಈ ಯಂತ್ರಗಳನ್ನು ಕೊಡಲಾಯಿತು. ದಶಕ ಮುಗಿಯುವ ವೇಳೆಗೆ ಯೋಜನೆ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳನ್ನು ಮುಟ್ಟಿತು. ಯೋಜನೆಯ ಉದ್ದೇಶ ದೊಡ್ಡದು, ಅದನ್ನು ರೂಪಿಸಿದವರ ದೃಷ್ಟಿಯೂ ಗೌರವಕ್ಕೆ ಅರ್ಹ. ಆದರೆ ಶಿಕ್ಷಕರಿಗೆ ದೊರೆತ ತರಬೇತಿ ಅಲ್ಪಾವಧಿಯದು, ಕೊಟ್ಟ ಪಾಠದ ತಂತ್ರಾಂಶಗಳಲ್ಲಿ ಬಹಳಷ್ಟು ಬ್ರಿಟನ್ನಿನ ತರಗತಿಗಳಿಗಾಗಿ ಸಿದ್ಧವಾದವು, ಯಂತ್ರಗಳ ಸಂಖ್ಯೆಯೂ ಕಡಿಮೆ. ಹೀಗಾಗಿ ಒಬ್ಬ ವಿದ್ಯಾರ್ಥಿಗೆ ವಾರದಲ್ಲಿ ಸಿಗುತ್ತಿದ್ದ ಕೆಲವು ನಿಮಿಷಗಳಲ್ಲಿ ಬೇಸಿಕ್‌ನ ಪರಿಚಯವಾಗುತ್ತಿತ್ತೇ ಹೊರತು ಕೈ ಪಳಗುತ್ತಿರಲಿಲ್ಲ. ತಪ್ಪು ಬರೆದು, ಅದನ್ನು ತಾನೇ ಹುಡುಕಿ ತಿದ್ದುವಷ್ಟು ಬಿಡುವು ಸಿಗದಿದ್ದರೆ ಪ್ರೋಗ್ರಾಮಿಂಗ್ ಯಾರಿಗೂ ದಕ್ಕುವುದಿಲ್ಲ. ಆ ಬಿಡುವು ಮನೆಯ ಯಂತ್ರದಿಂದ ಮಾತ್ರ ಸಾಧ್ಯವಿತ್ತು.

ಮನೆಗೆ ಬರಲಿದ್ದ ಯಂತ್ರ ಬೇರೆ ಕುಲದ್ದು. 1981ರ ಆಗಸ್ಟಿನಲ್ಲಿ ಅಮೆರಿಕದ ಐಬಿಎಂ ಕಂಪನಿ ಹೊರತಂದ ಪರ್ಸನಲ್ ಕಂಪ್ಯೂಟರ್ ಅಥವಾ ಪಿಸಿಯ ರಚನೆ ಮುಕ್ತವಾಗಿತ್ತು. ಅಂದರೆ ಅದರ ಭಾಗಗಳು ಮಾರುಕಟ್ಟೆಯಲ್ಲಿ ಸಿಗುವಂಥವು, ಅದಕ್ಕೆ ಹೊಂದುವ ಕಾರ್ಡು, ಡಿಸ್ಕುಗಳನ್ನು ಯಾರು ಬೇಕಾದರೂ ತಯಾರಿಸಬಹುದಿತ್ತು. ಮುಂದಿನ ವರ್ಷವೇ ಅದಕ್ಕೆ ಸರಿಸಮನಾಗಿ ಕೆಲಸ ಮಾಡುವ ಅನುಕರಣೆ ಯಂತ್ರಗಳು ಹುಟ್ಟಿಕೊಂಡವು. ಭಾರತದಲ್ಲಿ 1984ರ ನವೆಂಬರಿನ ಹೊಸ ಕಂಪ್ಯೂಟರ್ ನೀತಿ ಆಮದು ಮತ್ತು ತಯಾರಿಕೆಯ ಕಟ್ಟುಗಳನ್ನು ಸಡಿಲಿಸಿದ ಮೇಲೆ ಇಂಥ ಪಿಸಿಗಳು ಕಚೇರಿಗಳಿಗೆ ಹರಡಿದವು. 1991ರ ಆರ್ಥಿಕ ಉದಾರೀಕರಣ ಆ ದಾರಿಯನ್ನು ಇನ್ನಷ್ಟು ಅಗಲಗೊಳಿಸಿತು. ಮಾಹಿತಿ ತಂತ್ರಜ್ಞಾನದ ಸರಕುಗಳ ಮೇಲಿನ ಸುಂಕವನ್ನು ತೆಗೆದುಹಾಕುವ ಅಂತಾರಾಷ್ಟ್ರೀಯ ಒಪ್ಪಂದವನ್ನು ಭಾರತ 1997ರಲ್ಲಿ ಸೇರಿಕೊಂಡು, 2005ರ ವೇಳೆಗೆ ಸುಂಕವನ್ನು ಹಂತಹಂತವಾಗಿ ಶೂನ್ಯಕ್ಕೆ ಇಳಿಸಿತು. ಮಧ್ಯಮ ವರ್ಗದ ಮನೆಗೆ ಗಣಕ ಬಂದ ಕಥೆಯಲ್ಲಿ ಜಾಹೀರಾತುಗಳಿಗಿಂತ ಈ ಸುಂಕದ ಪಾತ್ರವೇ ದೊಡ್ಡದು.

ಬಿಡಿಭಾಗಗಳು ಸುಲಭವಾಗಿ ಸಿಗತೊಡಗಿದ್ದರಿಂದ ‘ಅಸೆಂಬಲ್ಡ್’ ಕಂಪ್ಯೂಟರುಗಳ ಹೊಸ ವ್ಯಾಪಾರ ಬೆಳೆಯಿತು. ಕಂಪನಿಯ ಹೆಸರು ಹೊತ್ತು ಬರುವ ಸಿದ್ಧ ಯಂತ್ರಕ್ಕೆ ಬದಲಾಗಿ, ಗಿರಾಕಿಯ ಕಿಸೆಗೆ ತಕ್ಕಂತೆ ಭಾಗಗಳನ್ನು ಆರಿಸಿ ಅಂಗಡಿಯಲ್ಲೇ ಜೋಡಿಸಿದ ಯಂತ್ರಕ್ಕೆ ಈ ಹೆಸರು. ಬೆಂಗಳೂರಿನ ಟೌನ್ ಹಾಲ್‌ಗೆ ಸಮೀಪದ, ಎಸ್.ಪಿ. ರಸ್ತೆಯೆಂದೇ ಎಲ್ಲರೂ ಕರೆಯುವ ಸಾದರ ಪತ್ರಪ್ಪ ರಸ್ತೆ ಈ ವ್ಯಾಪಾರದ ಕೇಂದ್ರವಾಯಿತು. ಅಂಗಡಿಯವರು ಬರೆದುಕೊಡುತ್ತಿದ್ದ ಕೊಟೇಷನ್ ಚೀಟಿಯಲ್ಲಿ ಲೆಕ್ಕ ಮಾಡುವ ಪ್ರೊಸೆಸರ್, ಎಲ್ಲ ಭಾಗಗಳನ್ನೂ ಬೆಸೆಯುವ ಮದರ್‌ಬೋರ್ಡ್, ತಾತ್ಕಾಲಿಕ ಸ್ಮರಣೆಯಾದ ರ‍್ಯಾಮ್, ಕಡತಗಳನ್ನು ಉಳಿಸುವ ಹಾರ್ಡ್ ಡಿಸ್ಕ್, ಸಿಡಿ ಡ್ರೈವ್, ಮಾನಿಟರ್, ಕ್ಯಾಬಿನೆಟ್, ಕೀಬೋರ್ಡ್, ಮೌಸ್‌ಗಳ ದರ ಸಾಲುಸಾಲಾಗಿ ಇರುತ್ತಿತ್ತು. ಕೊನೆಯಲ್ಲಿ ಯುಪಿಎಸ್, ಅಂದರೆ ವಿದ್ಯುತ್ ಹೋದಾಗ ಬ್ಯಾಟರಿಯಿಂದ ಕೆಲವು ನಿಮಿಷ ಯಂತ್ರವನ್ನು ಉಳಿಸುವ ಪೆಟ್ಟಿಗೆ, ಸೇರುತ್ತಿತ್ತು. ವಿದ್ಯುತ್ ಕಡಿತ ದಿನನಿತ್ಯದ ಮಾತಾಗಿದ್ದ ಊರುಗಳಲ್ಲಿ ಅದನ್ನು ಬಿಡುವಂತೆಯೇ ಇರಲಿಲ್ಲ. 1990ರ ದಶಕದ ಕೊನೆಯಲ್ಲಿ ಇವೆಲ್ಲ ಸೇರಿ 40ರಿಂದ 50 ಸಾವಿರ ರೂಪಾಯಿ ಆಗುತ್ತಿದ್ದುದು ಸಾಮಾನ್ಯ. ಸಂಬಳದಾರರ ಮನೆಯಲ್ಲಿ ಇದು ಅನೇಕ ತಿಂಗಳ ಉಳಿತಾಯ ಅಥವಾ ಸಾಲದ ಮಾತು. ಆದ್ದರಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದ ನೆಂಟರನ್ನೋ ಪಕ್ಕದ ಮನೆಯ ಎಂಜಿನಿಯರಿಂಗ್ ವಿದ್ಯಾರ್ಥಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ ಕೊಳ್ಳುವುದು ವಾಡಿಕೆಯಾಯಿತು. ಪೆಂಟಿಯಂ ಬೇಕೇ, 1998ರಲ್ಲಿ ಇಂಟೆಲ್ ತಂದ ಅಗ್ಗದ ಸೆಲೆರಾನ್ ಸಾಕೇ ಎಂಬ ಚರ್ಚೆ ನಡೆಯುತ್ತಿದ್ದುದು ಅಲ್ಲಿ. ಜೋಡಿಸಿದ ಯಂತ್ರಗಳ ಜೊತೆ ಪರವಾನಗಿಯಿಲ್ಲದ ವಿಂಡೋಸ್ ಪ್ರತಿಗಳು ಬರುತ್ತಿದ್ದುದು ಆ ವ್ಯಾಪಾರದ ಕಪ್ಪು ಮುಖವಾದರೆ, ಯಂತ್ರದ ಮೈ ಬಿಚ್ಚಿ ರ‍್ಯಾಮ್ ಸೇರಿಸಲು, ಡಿಸ್ಕ್ ಬದಲಿಸಲು ಹದಿನಾಲ್ಕು, ಹದಿನೈದರ ಮಕ್ಕಳು ಕಲಿತದ್ದು ಅದರ ಅತ್ಯುತ್ತಮ ಕೊಡುಗೆ.

ಓದಿನ ಅಗತ್ಯ ನಿಜಕ್ಕೂ ಎಷ್ಟಿತ್ತು ಎಂಬುದನ್ನು ಪಠ್ಯಕ್ರಮವೇ ತೋರಿಸುತ್ತದೆ. ಶಾಲೆ ಮತ್ತು ಪಿಯು ತರಗತಿಗಳ ಕಂಪ್ಯೂಟರ್ ಸೈನ್ಸ್ ಪ್ರಯೋಗಗಳು ಬಹುಕಾಲ ಟರ್ಬೊ ಸಿ++ ಎಂಬ, 1990ರ ದಶಕದ ಆರಂಭದ ತಂತ್ರಾಂಶದಲ್ಲೇ ನಡೆದವು. ಡಾಸ್ ಎಂಬ ಹಳೆಯ ಕಾರ್ಯವ್ಯವಸ್ಥೆಗಾಗಿ ಬರೆದ ಅದಕ್ಕೆ ಅತ್ಯಂತ ಅಗ್ಗದ ಯಂತ್ರವೂ ಧಾರಾಳವಾಗಿ ಸಾಕಾಗುತ್ತಿತ್ತು. ಎನ್‌ಕಾರ್ಟಾದಂಥ ಸಿಡಿ ವಿಶ್ವಕೋಶಕ್ಕೆ ಧ್ವನಿ ಮತ್ತು ಚಿತ್ರಗಳ ಸೌಲಭ್ಯ ಬೇಕಾಗುತ್ತಿತ್ತು, 1995ರ ಆಗಸ್ಟ್ 15ರಂದು ದೂರಸಂಪರ್ಕ ಸಂಸ್ಥೆ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಒದಗಿಸತೊಡಗಿದ ಮೇಲೆ ದೂರವಾಣಿ ತಂತಿಗೆ ಹೊಂದುವ ಮೋಡೆಮ್ ಬೇಕಾಯಿತು. ಇವಕ್ಕಿಂತ ಹೆಚ್ಚಿನ ವೇಗಕ್ಕಾಗಿ ಕೊಟ್ಟ ಹಣವೆಲ್ಲ ಬಹುಪಾಲು ಆಟಗಳಿಗೆ ಸಂದಿತು. ಅದೇ ಹಣದಲ್ಲಿ ಕಣ್ಣಿಗೆ ಹಿತವಾದ ದೊಡ್ಡ ಮಾನಿಟರನ್ನೋ ಒಳ್ಳೆಯ ಯುಪಿಎಸ್ಸನ್ನೋ ಕೊಂಡಿದ್ದರೆ ಓದುವವರಿಗೆ ಹೆಚ್ಚು ಉಪಕಾರವಾಗುತ್ತಿತ್ತು ಎನ್ನಲು ಅಡ್ಡಿಯಿಲ್ಲ.

ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇನ್ನೊಂದು ತೊಡಕಿತ್ತು. ಅವರ ಪಾಠವೂ ಪರೀಕ್ಷೆಯೂ ಕನ್ನಡದಲ್ಲಿದ್ದರೂ, ಮನೆಗೆ ಬಂದ ಯಂತ್ರದಲ್ಲಿ ಕನ್ನಡ ಇರುತ್ತಿರಲಿಲ್ಲ; ಅದನ್ನು ಬೇರೆಯಾಗಿ ತಂದು ಹಾಕಬೇಕಿತ್ತು. ಕೆ.ಪಿ. ರಾವ್ ಅವರು ರೂಪಿಸಿದ, ಇಂಗ್ಲಿಷ್ ಕೀಲಿಗಳ ಉಚ್ಚಾರಣೆಯನ್ನೇ ಅನುಸರಿಸುವ ಕೀಲಿಮಣೆ ವಿನ್ಯಾಸ ಈ ದಾರಿಯನ್ನು ಸುಗಮಗೊಳಿಸಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಎಂಬ ಕನ್ನಡ ಬರವಣಿಗೆಯ ತಂತ್ರಾಂಶ, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಉಚಿತವಾಗಿ ದೊರೆತ ಮೇಲೆ ಸಾಮಾನ್ಯ ಮನೆಯ ಗಣಕದಲ್ಲೂ ಕನ್ನಡ ಪ್ರಬಂಧ ಬರೆಯುವುದು ಸಾಧ್ಯವಾಯಿತು. ಆದರೆ ಆಗಿನ ಫಾಂಟುಗಳು ಒಂದೊಂದು ಒಂದೊಂದು ಬಗೆಯ ಸಂಕೇತಗಳನ್ನು ಬಳಸುತ್ತಿದ್ದುದರಿಂದ, ಒಂದು ಯಂತ್ರದಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೇ ನಿಶ್ಚಿತ ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡ 1991ರಿಂದಲೇ ಇದ್ದರೂ, ಮನೆಯ ಗಣಕಕ್ಕೆ ಅದು ತಲುಪಿದ್ದು ತುಂಗಾ ಎಂಬ ಕನ್ನಡ ಫಾಂಟ್ ಒಳಗೊಂಡ 2001ರ ವಿಂಡೋಸ್ ಎಕ್ಸ್‌ಪಿಯ ನಂತರ. ಈ ಹತ್ತು ವರ್ಷಗಳ ಅಂತರದಲ್ಲಿ ಗಣಕದ ಮುಂದೆ ಕುಳಿತ ಕನ್ನಡದ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ಇಂಗ್ಲಿಷಿನ ಯಂತ್ರವಾಗಿಯೇ ಪರಿಚಯವಾದದ್ದು ನಿಜವಾದ ನಷ್ಟ.

ಯಂತ್ರ ಕೊಳ್ಳಲಾಗದ ಮನೆಗಳ ಮಕ್ಕಳಿಗಾಗಿ ರಾಜ್ಯ ಸರ್ಕಾರ 2001ರಲ್ಲಿ ‘ಮಾಹಿತಿ ಸಿಂಧು’ ಯೋಜನೆಯನ್ನು ಸಾವಿರ ಸರ್ಕಾರಿ ಪ್ರೌಢಶಾಲೆಗಳಲ್ಲಿ ಆರಂಭಿಸಿತು. 2005ರಲ್ಲಿ ಎಚ್‌ಸಿಎಲ್ ಕಂಪನಿ ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆಯುಳ್ಳ ಡೆಸ್ಕ್‌ಟಾಪನ್ನು 10 ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಗೆ ತಂದಿತು. ಆ ಹೊತ್ತಿಗೆ ಲ್ಯಾಪ್‌ಟಾಪ್, ಅದರ ಹಿಂದೆಯೇ ಸ್ಮಾರ್ಟ್‌ಫೋನ್ ಗಿರಾಕಿಗಳ ಕಣ್ಣು ಸೆಳೆಯತೊಡಗಿದ್ದವು.

2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಪರದೆಗೆ ಬಂದಾಗ ಬಹುಸಂಖ್ಯೆಯ ಮಕ್ಕಳ ಕೈಯಲ್ಲಿದ್ದದ್ದು ಮೊಬೈಲ್. ಆ ಮೊಬೈಲುಗಳ ಪ್ರೊಸೆಸರ್‌ಗಳು ಅನುಸರಿಸುವ ಆರ್ಮ್ ವಿನ್ಯಾಸವನ್ನು 1985ರಲ್ಲಿ ಮೊದಲು ಸಾಕಾರಗೊಳಿಸಿದ್ದು ಬಿಬಿಸಿ ಮೈಕ್ರೋದ ಅದೇ ವಿಲ್ಸನ್ ಮತ್ತು ಫರ್ಬರ್. ಪಾಠ ಕೇಳಲು ಮೊಬೈಲ್ ಸಾಕಾಯಿತಾದರೂ, ಪುಟಗಟ್ಟಲೆ ಬರೆಯಲು, ಪ್ರೋಗ್ರಾಂ ರಚಿಸಿ ತಿದ್ದಲು ಅದು ಒದಗಲಿಲ್ಲ. ಡೆಸ್ಕ್‌ಟಾಪಿನ ಅಗತ್ಯ ಮತ್ತೆ ಮನವರಿಕೆಯಾದದ್ದು ಈ ಸಂದರ್ಭದಲ್ಲೇ. ಮಕ್ಕಳು ಬಿಚ್ಚಿ ನೋಡಬಲ್ಲ ಅಗ್ಗದ ಗಣಕ ಬೇಕೆಂದು ಕೇಂಬ್ರಿಜ್‌ನಲ್ಲೇ 2012ರಲ್ಲಿ ಹುಟ್ಟಿದ ರಾಸ್ಪ್‌ಬೆರಿ ಪೈ ತನ್ನ ಮಾದರಿಗಳಿಗೆ ಬಿಬಿಸಿ ಮೈಕ್ರೋದಂತೆಯೇ ‘ಎ’, ‘ಬಿ’ ಎಂದು ಹೆಸರಿಟ್ಟುಕೊಂಡಿತ್ತು. ಕೀಲಿಮಣೆಯೊಳಗೇ ಗಣಕವನ್ನು ಅಡಗಿಸಿದ ಅದರ 400 ಎಂಬ ಆವೃತ್ತಿ ಬಂದದ್ದು 2020ರ ನವೆಂಬರಿನಲ್ಲಿ. ಎಸ್.ಪಿ. ರಸ್ತೆಯಲ್ಲಿ ಈಗ ಪೈ ಬೋರ್ಡುಗಳೂ ಸಿಗುತ್ತವೆ, ಕಚೇರಿಗಳು ಬಳಸಿ ಬಿಟ್ಟ ಡೆಸ್ಕ್‌ಟಾಪ್‌ಗಳಿಗೆ ಹಳೆಯ ಹಾರ್ಡ್ ಡಿಸ್ಕಿನ ಬದಲು ವೇಗದ ಎಸ್‌ಎಸ್‌ಡಿ ಹಾಕಿಸಿಕೊಂಡು ಮಕ್ಕಳ ಓದಿಗೆ ಒಯ್ಯುವವರೂ ಇದ್ದಾರೆ.