ಕಿರಿಯ ಮಕ್ಕಳ ಫುಟ್‌ಬಾಲ್ ತರಬೇತಿ

ಕಿರಿಯ ಮಕ್ಕಳ ಫುಟ್‌ಬಾಲ್ ತರಬೇತಿಯು ಸುಮಾರು 3ರಿಂದ 6 ವರ್ಷದ ಮಕ್ಕಳಿಗೆ ಕಾಲ್ಚೆಂಡನ್ನು ಆಟದ ರೂಪದಲ್ಲಿ ಪರಿಚಯಿಸುವ ಕ್ರಮವಾಗಿದೆ. ಪಂದ್ಯ ಗೆಲ್ಲುವುದು ಇದರ ಉದ್ದೇಶವಲ್ಲ. ಓಟ, ಜಿಗಿತ, ಸಮತೋಲನ ಹಾಗೂ ಚೆಂಡಿನ ಮೇಲಿನ ಹಿಡಿತವನ್ನು ಬೆಳೆಸಿ, ಮಗುವಿನಲ್ಲಿ ಆಟದ ಆಸಕ್ತಿಯನ್ನು ಉಳಿಸುವುದು ಇದರ ಗುರಿ.

ಹಿನ್ನೆಲೆ

3–4 ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷಗಳ ದೈಹಿಕ ಚಟುವಟಿಕೆ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿತು. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು 2018ರಲ್ಲಿ ಎಳೆಯ ಬಾಲಕ ಬಾಲಕಿಯರಿಗಾಗಿ ‘ಗೋಲ್ಡನ್ ಬೇಬಿ ಲೀಗ್’ ಯೋಜನೆಯನ್ನು ಆರಂಭಿಸಿತು. ಜರ್ಮನಿಯಲ್ಲಿ 2024–25ರ ಋತುವಿನಿಂದ ಕಿರಿಯ ವಯೋವರ್ಗಗಳಿಗೆ ಸಣ್ಣ ತಂಡಗಳ ಆಟವನ್ನು ಕಡ್ಡಾಯಗೊಳಿಸಲಾಗಿದೆ.

ಯೋಜನೆಯ ತತ್ತ್ವಗಳು

ಹತ್ತು ಮಕ್ಕಳನ್ನು ಒಂದೇ ಚೆಂಡಿನೊಡನೆ ಸಾಲಾಗಿ ನಿಲ್ಲಿಸಿದರೆ, ಪ್ರತಿ ಮಗುವೂ ಅವಧಿಯ ಹತ್ತರಲ್ಲಿ ಒಂಬತ್ತು ಪಾಲನ್ನು ಕಾಯುವುದರಲ್ಲಿಯೇ ಕಳೆಯುತ್ತದೆ. ಆದ್ದರಿಂದ ಮಗುವಿಗೊಂದು ಚೆಂಡು ಎಂಬುದು ಮೂಲ ನಿಯಮ. ವಯಸ್ಕರು ಬಳಸುವ 5ನೇ ಅಳತೆಯ ಚೆಂಡಿನ ಬದಲು, ಹಗುರವಾದ 3ನೇ ಅಳತೆಯ ಚೆಂಡನ್ನು ಬಳಸಲಾಗುತ್ತದೆ.

ಎಲ್ಲ ಮಕ್ಕಳೂ ಚೆಂಡಿನ ಹಿಂದೆ ಗುಂಪಾಗಿ ಓಡುವುದು ಈ ವಯಸ್ಸಿನಲ್ಲಿ ಸಹಜ. ಅದನ್ನು ತಪ್ಪೆಂದು ಗದರುವುದಾಗಲಿ, ಆಟಗಾರರ ಸ್ಥಾನಗಳನ್ನು ಕಲಿಸುವುದಾಗಲಿ ಫಲಕಾರಿಯಲ್ಲ. ಸೋತವರನ್ನು ಹೊರಗೆ ಕೂರಿಸುವ ಆಟಗಳೂ ಸೂಕ್ತವಲ್ಲ. ಹೆಚ್ಚು ಅಭ್ಯಾಸ ಬೇಕಾದ ಮಗುವೇ ಅಲ್ಲಿ ಮೊದಲು ಹೊರಬೀಳುತ್ತದೆ.

ಅವಧಿಯ ಮಾದರಿ

ಮಕ್ಕಳ ಗಮನ ಬೇಗ ಬದಲಾಗುವುದರಿಂದ 40 ನಿಮಿಷಗಳ ಅವಧಿಯನ್ನು ಸಣ್ಣ ಭಾಗಗಳಾಗಿ ಹಂಚಬಹುದು:

• 5 ನಿಮಿಷ: ಚೆಂಡಿಲ್ಲದೆ ಮುಟ್ಟಾಟ.
• 10 ನಿಮಿಷ: ಚೆಂಡಿನೊಡನೆ ಕೆರೆ–ದಡ. ‘ಕೆರೆ’ ಎಂದಾಗ ಚೆಂಡನ್ನು ಗೆರೆಯ ಒಳಕ್ಕೂ ‘ದಡ’ ಎಂದಾಗ ಹೊರಕ್ಕೂ ಉರುಳಿಸಬೇಕು. ಇದರಿಂದ ಚೆಂಡನ್ನು ತಿರುಗಿಸುವುದು, ನಿಲ್ಲಿಸುವುದು ರೂಢಿಯಾಗುತ್ತದೆ.
• 5 ನಿಮಿಷ: ನೀರು, ವಿಶ್ರಾಂತಿ.
• 10 ನಿಮಿಷ: ಕಾಲಿನ ಲಗೋರಿ. ಕಲ್ಲುಗಳ ಬದಲು ಖಾಲಿ ಪ್ಲಾಸ್ಟಿಕ್ ಬಾಟಲಿಗಳನ್ನು ನಿಲ್ಲಿಸಿ ಚೆಂಡನ್ನು ಒದ್ದು ಬೀಳಿಸುವುದು. ಗುರಿ ಹಲವು ಇದ್ದರೆ ಯಾರೂ ಕಾಯಬೇಕಾಗಿಲ್ಲ.
• 10 ನಿಮಿಷ: ಗೋಲ್‌ಕೀಪರ್ ಇಲ್ಲದೆ, ಕಡೆಗೆ ಮೂವರಂತೆ ಸಣ್ಣ ಪಂದ್ಯ.

ಸೂಚನೆಗಳು ಒಂದೆರಡು ವಾಕ್ಯಗಳಲ್ಲಿರಬೇಕು. ವಿವರಿಸುವುದಕ್ಕಿಂತ ಮಾಡಿ ತೋರಿಸುವುದು ಪರಿಣಾಮಕಾರಿ. ಆಟ ಕಠಿಣವಾದರೆ ಗುರಿಯನ್ನು ಹತ್ತಿರಕ್ಕೂ, ಸುಲಭವಾದರೆ ದೂರಕ್ಕೂ ಸರಿಸಲಾಗುತ್ತದೆ.

ಸ್ಥಳ ಮತ್ತು ಸುರಕ್ಷತೆ

ಪೂರ್ಣ ಅಳತೆಯ ಮೈದಾನದ ಅಗತ್ಯವಿಲ್ಲ. ದಾವಣಗೆರೆಯ ವಿನೋಬನಗರದಂತಹ ವಸತಿ ಬಡಾವಣೆಗಳಲ್ಲಿ ಸಮತಟ್ಟಾದ ಶಾಲೆಯ ಅಂಗಳವೇ ಸಾಕಾಗುತ್ತದೆ. ನೆಲದಲ್ಲಿ ಕಲ್ಲು, ಗಾಜಿನ ಚೂರುಗಳಿಲ್ಲವೆಂದು ಮೊದಲೇ ಪರಿಶೀಲಿಸಬೇಕು. ಗೋಲ್ ಕಂಬಗಳು ಉರುಳದಂತೆ ಭದ್ರವಾಗಿರಬೇಕು.

ಬಯಲುಸೀಮೆಯಲ್ಲಿ ಬೇಸಿಗೆ ಶಿಬಿರಗಳು ನಡೆಯುವ ಏಪ್ರಿಲ್–ಮೇ ತಿಂಗಳುಗಳೇ ಬಿಸಿಲಿನ ಕಾಲವೂ ಆಗಿರುವುದರಿಂದ, ಮುಂಜಾನೆ ಅಥವಾ ಇಳಿಹೊತ್ತಿನ ಅವಧಿ ಸೂಕ್ತ. ಬಾಯಾರಿಕೆಯನ್ನು ಮಕ್ಕಳು ಹೇಳಿಕೊಳ್ಳುವವರೆಗೆ ಕಾಯದೆ ಆಗಾಗ ನೀರು ಕೊಡಬೇಕು.

ಚೆಂಡನ್ನು ತಲೆಯಿಂದ ಹೊಡೆಯುವುದನ್ನು ಈ ವಯಸ್ಸಿನಲ್ಲಿ ಕಲಿಸುವುದಿಲ್ಲ. ಇಂಗ್ಲೆಂಡ್, ಸ್ಕಾಟ್‌ಲೆಂಡ್ ಮತ್ತು ಉತ್ತರ ಐರ್ಲೆಂಡ್‌ಗಳ ಫುಟ್‌ಬಾಲ್ ಸಂಸ್ಥೆಗಳು 2020ರಲ್ಲಿ ಪ್ರಾಥಮಿಕ ಶಾಲಾ ವಯಸ್ಸಿನ ಮಕ್ಕಳ ತರಬೇತಿಯಿಂದ ಇದನ್ನು ಕೈಬಿಟ್ಟವು.