ಹಿತ್ತಿಲಿಗೆ ಬಿದಿರು, ಅಲಂಕಾರಿಕ ಹುಲ್ಲು: ಜಾಗದ ಆಯ್ಕೆ ಮತ್ತು ನೆಲದ ಸಿದ್ಧತೆ

ಬಿದಿರು ಮರವಲ್ಲ, ಹುಲ್ಲು. ಭತ್ತ, ರಾಗಿ, ಕಬ್ಬು, ಗರಿಕೆಗಳ ಕುಟುಂಬಕ್ಕೇ ಸೇರಿದ ಸಸ್ಯವಿದು. ಈ ಸಂಗತಿಯನ್ನು ಮರೆತು, ಮರವೆಂದೇ ಭಾವಿಸಿ ಕಾಂಪೌಂಡಿನ ಮೂಲೆಗೆ ನೆಟ್ಟವರು ಕೆಲವು ವರ್ಷಗಳ ನಂತರ ಅದನ್ನು ಕೀಳಿಸಲು ಜೆಸಿಬಿ ಕರೆಸಬೇಕಾದೀತು. ಮರ ನಿಂತಲ್ಲೇ ದಪ್ಪವಾಗುತ್ತದೆ. ಬಿದಿರಿನ ಕಳಲೆಯಾದರೋ ನೆಲದಿಂದ ಮೇಲೇಳುವಾಗಲೇ ಗಳದ ಪೂರ್ಣ ದಪ್ಪವನ್ನು ಪಡೆದಿರುತ್ತದೆ. ಕೆಲವೇ ತಿಂಗಳಲ್ಲಿ ಪೂರ್ಣ ಎತ್ತರ ಮುಟ್ಟಿ ನಿಲ್ಲುತ್ತದೆ. ಆಮೇಲೆ ಬೆಳೆಯುವುದು ಗಳವಲ್ಲ, ಮೆಳೆ. ಅದು ಬೆಳೆಯುವುದು ಅಗಲಕ್ಕೆ.

ಆದ್ದರಿಂದ ಜಾಗ ಹುಡುಕುವ ಮೊದಲು ತಳಿ ಯಾವುದೆಂದು ನಿರ್ಧರಿಸುವುದು ಅವಶ್ಯ. ಬಿದಿರಿನಲ್ಲಿ ಎರಡು ಬಗೆ. ಗೆಡ್ಡೆಗಳು ಒತ್ತೊತ್ತಾಗಿ ಬೆಳೆದು ಮೆಳೆ ಕಟ್ಟುವುದು ಒಂದು ಬಗೆ. ಇನ್ನೊಂದರಲ್ಲಿ ಗೆಡ್ಡೆ ನೆಲದಡಿಯಲ್ಲಿ ಹರಿದು ದೂರದೂರದಲ್ಲಿ ಕಳಲೆ ಎಬ್ಬಿಸುತ್ತದೆ. ಕರ್ನಾಟಕದ ಕಾಡುಗಳ ಹೆಬ್ಬಿದಿರು, ಕಿರುಬಿದಿರುಗಳು ಮೆಳೆ ಕಟ್ಟುವ ಜಾತಿಯವು. ತೊಂದರೆ ಬರುವುದು ನರ್ಸರಿಗಳಲ್ಲಿ. ‘ಗೋಲ್ಡನ್ ಬ್ಯಾಂಬೂ’ ಎಂಬ ಒಂದೇ ಹೆಸರನ್ನು ಹಳದಿ ಗಳದ ಮೇಲೆ ಹಸಿರು ಗೀರುಗಳಿರುವ ಬಂಬುಸಾ ವಲ್ಗಾರಿಸ್ ತಳಿಗೂ, ಚೀನಾ ಮೂಲದ ಫಿಲೋಸ್ಟಾಕಿಸ್ ಔರಿಯಾಗೂ ಬಳಸುವುದುಂಟು. ಮೊದಲನೆಯದು ಮೆಳೆ ಕಟ್ಟುತ್ತದೆ, ಎರಡನೆಯದು ಹರಿಯುತ್ತದೆ. ಹೆಸರನ್ನು ನಂಬದೆ ಕುಂಡದ ಮಣ್ಣು ಸರಿಸಿ ಗೆಡ್ಡೆಯನ್ನು ನೋಡುವುದು ಲೇಸು. ಗೆಡ್ಡೆ ಗಿಡ್ಡಗೆ ದಪ್ಪನಾಗಿದ್ದರೆ ಮೆಳೆಯದು. ತೆಳ್ಳಗೆ ಉದ್ದವಾಗಿ ಕುಂಡದ ಸುತ್ತ ಸುತ್ತಿಕೊಂಡಿದ್ದರೆ ಹರಿಯುವಂಥದು.

ಹೆಬ್ಬಿದಿರು ನೂರು ಅಡಿಯವರೆಗೂ ಏರಬಲ್ಲದು. ಅದರ ಬುಡದ ಮುಳ್ಳುಕೊಂಬೆಗಳ ನಡುವಿನಿಂದ ಒಂದು ಗಳ ಎಳೆಯುವುದೂ ಪ್ರಯಾಸದ ಕೆಲಸ. ಅದು ತೋಟದ ಅಂಚಿಗೆ, ಹಳ್ಳದ ದಂಡೆಗೆ ತಕ್ಕದ್ದೇ ಹೊರತು ಮನೆಯಂಗಳಕ್ಕಲ್ಲ. ಕರಾವಳಿ ಮತ್ತು ಮಲೆನಾಡಿನ ಮನೆಗಳಿಗೆ ಮುಳ್ಳಿಲ್ಲದ, ಗಟ್ಟಿ ಗಳದ ಮಾರಿಹಾಳ ಬಿದಿರು ಹೆಚ್ಚು ಹೊಂದುತ್ತದೆ. ಬಯಲುಸೀಮೆಯ ಒಣಹವೆಯನ್ನು ಕಿರುಬಿದಿರು ತಾಳಿಕೊಳ್ಳುತ್ತದೆ. 30×40 ಅಡಿಯ ನಿವೇಶನದವರು ಬಂಬುಸಾ ಮಲ್ಟಿಪ್ಲೆಕ್ಸ್‌ನಂತಹ ಸಣ್ಣ ಬೇಲಿಬಿದಿರಿಗಿಂತ ದೊಡ್ಡದರ ಆಸೆ ಪಡದಿರುವುದೇ ಕ್ಷೇಮ. ಸಂಶಯವಿದ್ದವರು ಬೆಂಗಳೂರಿನ ಕಬ್ಬನ್ ಉದ್ಯಾನದ ಬಿದಿರು ಮೆಳೆಗಳನ್ನು ಒಮ್ಮೆ ಸುತ್ತು ಹಾಕಿ ಬಂದರೆ, ಬಲಿತ ಮೆಳೆಯೊಂದು ಎಷ್ಟು ನೆಲ ಕೇಳುತ್ತದೆಂಬುದು ಯಾರ ವಿವರಣೆಯೂ ಇಲ್ಲದೆ ತಿಳಿಯುತ್ತದೆ.

ತಳಿ ನಿರ್ಧಾರವಾದ ಬಳಿಕ ಜಾಗ. ದಿನದಲ್ಲಿ ಅರ್ಧದಷ್ಟಾದರೂ ಬಿಸಿಲು ಬೀಳಬೇಕು. ಶೌಚಗುಂಡಿ, ನೀರಿನ ಸಂಪು, ಒಳಚರಂಡಿ ಕೊಳವೆಗಳಿಂದ ದೂರವಿರಬೇಕು. ತಲೆಯ ಮೇಲೆ ವಿದ್ಯುತ್ ತಂತಿ ಹಾದುಹೋಗಿರಬಾರದು. ಮಳೆಯಲ್ಲಿ ನೆನೆದ ಗಳ ನೆಟ್ಟಗೆ ನಿಲ್ಲುವುದಿಲ್ಲ, ಬಾಗುತ್ತದೆ. ನೆರೆಮನೆಯ ಗೋಡೆಗೆ ತಾಗಿಸಿ ನೆಡುವುದಂತೂ ಜಗಳಕ್ಕೆ ಆಹ್ವಾನ. ಉದುರುವ ಎಲೆ, ಅತ್ತ ಬಾಗುವ ಗಳ, ಗೋಡೆಯ ಕೆಳಗೆ ನುಸುಳುವ ಕಳಲೆ ಯಾವುದೂ ಗಡಿಯನ್ನು ಲೆಕ್ಕಿಸದು. ದೊಡ್ಡ ತಳಿಗಳನ್ನು ತೋಟದಲ್ಲಿ 5 ಮೀಟರ್ ಅಂತರದಲ್ಲಿ ನೆಡುವುದು ರೂಢಿ. ಗೋಡೆಗೂ ಅಷ್ಟೇ ದೂರ ಬಿಟ್ಟರೆ ಮುಂದೆ ಪಶ್ಚಾತ್ತಾಪವಿಲ್ಲ.

ನೀರು ಬೇಕು, ಆದರೆ ನಿಲ್ಲಬಾರದು. ಇದನ್ನು ಪರೀಕ್ಷಿಸುವ ವಿಧಾನ ಸರಳ. ಒಂದೂವರೆ ಅಡಿ ಆಳದ ಗುಂಡಿ ತೋಡಿ ಸಂಜೆ ನೀರು ತುಂಬಿಸಿಡಬೇಕು. ಬೆಳಿಗ್ಗೆಯೂ ನೀರು ಉಳಿದಿದ್ದರೆ ಆ ಜಾಗ ಬಿದಿರಿಗೆ ಆಗದು, ಇಲ್ಲವೇ ಮಣ್ಣನ್ನು ಒಂದು ಅಡಿಯಷ್ಟು ಏರಿಸಿ ದಿಬ್ಬದ ಮೇಲೆ ನೆಡಬೇಕು. ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಈ ದಿಬ್ಬ ಅನಿವಾರ್ಯವೆನ್ನಬಹುದು. ಕರಾವಳಿಯ ಮುರಕಲ್ಲಿನ ನೆಲದಲ್ಲಿ ಹಾರೆ ಹಾಕಿ ಗಟ್ಟಿ ಪದರವನ್ನು ಒಡೆಯದಿದ್ದರೆ ಗುಂಡಿಯೇ ಬಾವಿಯಾಗಿ ಬೇರು ಕೊಳೆಯುತ್ತದೆ. ನಗರದ ಹೊಸ ಬಡಾವಣೆಗಳಲ್ಲಿ ಬೇರೆಯದೇ ಸಮಸ್ಯೆ. ಅಲ್ಲಿ ಮೇಲ್ಮಣ್ಣಿನ ಹೆಸರಿನಲ್ಲಿ ಇರುವುದು ಸಿಮೆಂಟು, ಸುಣ್ಣ, ಇಟ್ಟಿಗೆ ಚೂರು. ಸ್ವಲ್ಪ ಹುಳಿಮಣ್ಣನ್ನು ಬಯಸುವ ಬಿದಿರಿಗೆ ಈ ಕ್ಷಾರ ಹಿಡಿಸದು. ಅದನ್ನು ತೆಗೆದು ಹೊರಹಾಕಿ ಕೆಮ್ಮಣ್ಣು ತುಂಬಿಸುವುದೊಂದೇ ದಾರಿ.

ಗುಂಡಿಯನ್ನು ಎರಡು ಅಡಿ ಉದ್ದ, ಅಗಲ, ಆಳಕ್ಕೆ ಬೇಸಿಗೆಯಲ್ಲೇ ತೋಡಿ ಕೆಲವು ವಾರ ಬಿಸಿಲಿಗೆ ಬಿಡಬೇಕು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಗೂ ಮೇಲ್ಮಣ್ಣನ್ನು ಬೆರೆಸಿ ತುಂಬಿ, ಗೆದ್ದಲಿನ ಕಾಟವಿರುವಲ್ಲಿ ಬೇವಿನ ಹಿಂಡಿ ಸೇರಿಸಿ, ಜೂನ್‌ನಲ್ಲಿ ಮುಂಗಾರು ಹಿಡಿದ ಮೇಲೆ ನೆಡುವುದು ವಾಡಿಕೆ. ಉದುರಿದ ಎಲೆಗಳನ್ನು ಗುಡಿಸಿ ಸುಡಬಾರದು, ಅದೇ ಬುಡಕ್ಕೆ ಹೊದಿಕೆ. ಹರಿಯುವ ತಳಿಯನ್ನೇ ನೆಡುವ ಹಟವಿದ್ದರೆ ಸುತ್ತಲೂ ಎರಡರಿಂದ ಎರಡೂವರೆ ಅಡಿ ಆಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹೂತು, ಅದರ ಅಂಚು ನೆಲದ ಮೇಲೆ ಎರಡು ಅಂಗುಲ ಕಾಣುವಂತೆ ಬಿಡಬೇಕು. ಗೆಡ್ಡೆ ಅಂಚನ್ನು ದಾಟುವುದನ್ನು ಕಣ್ಣಾರೆ ಕಂಡು ಕತ್ತರಿಸಲು ಈ ವ್ಯವಸ್ಥೆ.

ಹೆಚ್ಚಿನವರು ವಿಚಾರಿಸದ ಪ್ರಶ್ನೆಯೊಂದಿದೆ: ತಾಯಿಮೆಳೆಯ ವಯಸ್ಸೆಷ್ಟು? ಹೆಬ್ಬಿದಿರು ಹಲವು ದಶಕಗಳಿಗೊಮ್ಮೆ ಸಾಮೂಹಿಕವಾಗಿ ಹೂಬಿಟ್ಟು, ಬಿದಿರಕ್ಕಿ ಉದುರಿಸಿ ಸಾಯುತ್ತದೆ. 2010ರ ದಶಕದ ಆರಂಭದಲ್ಲಿ ನಾಗರಹೊಳೆ, ಬಂಡೀಪುರದ ಕಾಡುಗಳಲ್ಲಿ ಮೆಳೆಗಳು ಹೀಗೆಯೇ ಒಣಗಿದವು. ಹಳೆಯ ಮೆಳೆಯಿಂದ ಕಿತ್ತು ತಂದ ಗೆಡ್ಡೆ ತಾಯಿಯ ವಯಸ್ಸನ್ನೇ ಹೊತ್ತು ಬರುತ್ತದೆ. ನೆಟ್ಟ ಐದಾರು ವರ್ಷಕ್ಕೇ ತಾಯಿಯೊಡನೆ ಹೂಬಿಟ್ಟರೆ ಆಶ್ಚರ್ಯವಿಲ್ಲ. ಬೀಜದ ಸಸಿಗೆ ಈ ಭಯವಿಲ್ಲ.

ಅಲಂಕಾರಿಕ ಹುಲ್ಲುಗಳ ನಿಯಮ ಬೇರೆ. ಇವುಗಳಿಗೆ ತುಂಬು ಬಿಸಿಲು ಬೇಕು, ಗೊಬ್ಬರ ಹೆಚ್ಚಾದರೆ ಸೊಕ್ಕಿ ಬೆಳೆದು ನೆಲಕ್ಕೊರಗುತ್ತವೆ. ಬಡ ಮಣ್ಣೇ ಸಾಕು. ಇಳಿಜಾರಿನ ಅಂಗಳಕ್ಕೆ ಲಾವಂಚಕ್ಕಿಂತ ಉತ್ತಮವಾದುದು ಸಿಗಲಾರದು. ಗುಂಡ್ಲುಪೇಟೆ ಭಾಗದ ರೈತರು ಹೊಲದ ಬದುಗಳಲ್ಲಿ ತಲೆಮಾರುಗಳಿಂದ ಇದನ್ನು ಬೆಳೆಸುತ್ತ ಬಂದವರು. ಬೇರು ಪಕ್ಕಕ್ಕೆ ಹರಡದೆ 3 ಮೀಟರ್‌ವರೆಗೂ ನೇರ ಕೆಳಗಿಳಿದು ಮಣ್ಣನ್ನು ಹಿಡಿಯುತ್ತದೆ. ಇಳಿಜಾರಿಗೆ ಅಡ್ಡಲಾಗಿ, ಗೇಣಿಗಿಂತ ಕಡಿಮೆ ಅಂತರದಲ್ಲಿ ನೆಡಬೇಕು. ಅಡುಗೆಮನೆಯ ಹತ್ತಿರಕ್ಕೆ ಮಜ್ಜಿಗೆ ಹುಲ್ಲು ಸೊಗಸು. ಚಾಮರದಂತಹ ತೆನೆಯ ಫೌಂಟನ್ ಗ್ರಾಸ್ ನೋಡಲು ಚೆಲುವಾದರೂ ಅದರ ಬೀಜ ಗಾಳಿಗೆ ತೇಲಿ ಹೊಲ, ಗುಡ್ಡ ಸೇರುತ್ತದೆ. ಹವಾಯಿ ದ್ವೀಪಗಳಲ್ಲಿ ಅದು ಬೆಂಕಿಗೆ ಮೇವಾಗುವ ಕಳೆಯೆಂದು ಕುಖ್ಯಾತ. ಬಹುಮಟ್ಟಿಗೆ ಬೀಜ ಕಟ್ಟದ ನೇರಳೆ ಬಣ್ಣದ ತಳಿಯನ್ನು ಆರಿಸಿಕೊಳ್ಳುವುದು ಒಳಿತು.

ಬೆಳೆದ ಗಳವನ್ನು ಮಾರುವ ಯೋಚನೆಯಿರುವವರಿಗೆ ಕಾನೂನಿನ ವಿಷಯ. 1927ರ ಭಾರತೀಯ ಅರಣ್ಯ ಕಾಯ್ದೆಯ ‘ಮರ’ ಎಂಬ ವ್ಯಾಖ್ಯೆಯಿಂದ ಬಿದಿರನ್ನು 2017ರಲ್ಲಿ ಕೈಬಿಡಲಾಯಿತು. ಆದರೆ ಕರ್ನಾಟಕಕ್ಕೆ 1963ರ ತನ್ನದೇ ಅರಣ್ಯ ಕಾಯ್ದೆ ಇರುವುದರಿಂದ, ಲಾರಿಗೆ ತುಂಬುವ ಮುನ್ನ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳತಕ್ಕದ್ದು.