ಮಂಗಳೂರು ಪ್ರವಾಸ: ಚನ್ನರಾಯಪಟ್ಟಣ ತಾಲ್ಲೂಕಿನ ಸಾರ್ವಜನಿಕರಿಗೆ ಮಾಹಿತಿ

ಚನ್ನರಾಯಪಟ್ಟಣವು ರಾಷ್ಟ್ರೀಯ ಹೆದ್ದಾರಿ 75ರಲ್ಲಿದ್ದು, ಹಾಸನ, ಸಕಲೇಶಪುರ ಹಾಗೂ ಶಿರಾಡಿ ಘಾಟಿಯ ಮಾರ್ಗವಾಗಿ ಕರಾವಳಿಯ ಮಂಗಳೂರು ನಗರವನ್ನು ತಲುಪಬಹುದಾಗಿದೆ.

ಬಸ್ ಪ್ರಯಾಣ: ದಿನಾಂಕ 11-06-2023ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ರಾಜ್ಯದ ವಿಳಾಸವುಳ್ಳ ಗುರುತಿನ ಚೀಟಿಯನ್ನು ತೋರಿಸತಕ್ಕದ್ದು. ರಾಜಹಂಸ, ಐರಾವತ ಮುಂತಾದ ಐಷಾರಾಮಿ ಬಸ್ಸುಗಳಿಗೆ ಈ ಸೌಲಭ್ಯವು ಅನ್ವಯಿಸುವುದಿಲ್ಲ.

ನೋಡತಕ್ಕ ಸ್ಥಳಗಳು:
1. ಕದ್ರಿ ಮಂಜುನಾಥ ದೇವಾಲಯ: ಇಲ್ಲಿನ ಲೋಕೇಶ್ವರನ ಕಂಚಿನ ವಿಗ್ರಹವು ಕ್ರಿ.ಶ. 968ರ ಶಾಸನವನ್ನು ಹೊಂದಿದೆ.
2. ಸಂತ ಅಲೋಶಿಯಸ್ ಚಾಪೆಲ್: ಗೋಡೆ ಮತ್ತು ಛಾವಣಿಯ ಚಿತ್ರಗಳನ್ನು ಇಟಲಿಯ ಅಂಟೋನಿಯೊ ಮೊಸ್ಕೇನಿ ಅವರು ರಚಿಸಿರುತ್ತಾರೆ.
3. ಸುಲ್ತಾನ್ ಬತ್ತೇರಿ: ಟಿಪ್ಪು ಸುಲ್ತಾನನ ಕಾಲದ ಕಾವಲು ಗೋಪುರ. ನದಿಯ ಆಚೆ ತಣ್ಣೀರುಬಾವಿ ಕಡಲತೀರವಿದೆ.
4. ಪಣಂಬೂರು ಕಡಲತೀರ: ಸೂರ್ಯಾಸ್ತ ವೀಕ್ಷಣೆಗೆ ಸೂಕ್ತ.
5. ಪಿಲಿಕುಳ ನಿಸರ್ಗಧಾಮ: ಮೃಗಾಲಯ ಹಾಗೂ ವಿಜ್ಞಾನ ಕೇಂದ್ರವಿದ್ದು, ಮಕ್ಕಳಿಗೆ ಉಪಯುಕ್ತ.

ಮುನ್ನೆಚ್ಚರಿಕೆ: ಕೆರೆ, ಕಾಲುವೆಗಳಲ್ಲಿ ಈಜಿ ಅಭ್ಯಾಸವಿರುವವರೂ ಸಮುದ್ರವನ್ನು ಹಗುರವಾಗಿ ಪರಿಗಣಿಸಬಾರದು. ಹಿಂದಕ್ಕೆ ಸರಿಯುವ ಅಲೆಯು ಮೊಣಕಾಲುದ್ದದ ನೀರಿನಲ್ಲಿಯೂ ಕಾಲ ಕೆಳಗಿನ ಮರಳನ್ನು ಸೆಳೆಯುತ್ತದೆ. ಮಳೆಗಾಲದಲ್ಲಿ ನೀರಿಗಿಳಿಯಬಾರದು, ಮಕ್ಕಳ ಕೈ ಬಿಡಬಾರದು, ಜೀವರಕ್ಷಕರ ಸೂಚನೆಯನ್ನು ಪಾಲಿಸತಕ್ಕದ್ದು. ಯಾರಾದರೂ ಅಲೆಗೆ ಸಿಲುಕಿದಲ್ಲಿ, ಈಜು ಬಾರದವರು ನೀರಿಗೆ ಧುಮುಕದೆ ಜೀವರಕ್ಷಕರನ್ನು ಕೂಗಿ ಕರೆದು, 112ಕ್ಕೆ ಕರೆ ಮಾಡುವುದು.

2024ರ ಜುಲೈನಲ್ಲಿ ಸಕಲೇಶಪುರ ತಾಲ್ಲೂಕಿನ ದೊಡ್ಡತಪ್ಪಲೆ ಬಳಿ ಭೂಕುಸಿತವಾಗಿ ಹೆದ್ದಾರಿ ಸಂಚಾರಕ್ಕೆ ತಡೆಯುಂಟಾಗಿತ್ತು. ಆದ್ದರಿಂದ ಮಳೆಗಾಲದಲ್ಲಿ ಹೊರಡುವ ಮುನ್ನ ಘಾಟಿಯ ಸಂಚಾರ ಸ್ಥಿತಿಯನ್ನು ವಿಚಾರಿಸಿಕೊಳ್ಳಲು ಕೋರಲಾಗಿದೆ.